ಮಾತ್ರೆ ಕೊಟ್ಟರೂ ಮತ್ತೆ ಬರುವ ನೂಲುಹುಳ: ತಪ್ಪುತ್ತಿರುವುದು ಎಲ್ಲಿ, ಸರಿಪಡಿಸುವುದು ಹೇಗೆ

ರಾತ್ರಿ ಹತ್ತು ಗಂಟೆ ಕಳೆದ ಮೇಲೆ ಮಗು ನಿದ್ದೆಯಲ್ಲೇ ಹೊರಳಾಡುತ್ತ ಕುಂಡೆ ತುರಿಸಿಕೊಳ್ಳುತ್ತದೆ. ಬೆಳಗಾದರೆ ಏನೂ ಆಗದ ಹಾಗೆ ಆಡುತ್ತದೆ. ಮೆಡಿಕಲ್‌ನಿಂದ ಹುಳದ ಮಾತ್ರೆ ತಂದು ಕೊಟ್ಟರೆ ನಾಲ್ಕು ದಿನ ನೆಮ್ಮದಿ, ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಅದೇ ಕಥೆ. ನಮ್ಮ ಕಾಸರಗೋಡಿನಲ್ಲಿ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಯಾವ ಮನೆಯಲ್ಲಿ ಇದಾದರೂ ಮೊದಲು ಬೈಗುಳ ಬೀಳುವುದು ಬೆಲ್ಲಕ್ಕೆ, ಎರಡನೆಯದು ಮಾತ್ರೆಗೆ. ಎರಡರದ್ದೂ ತಪ್ಪಿಲ್ಲ. ಮಾತ್ರೆ ಹುಳವನ್ನು ಕೊಲ್ಲುತ್ತದೆ, ಆದರೆ ಮೊಟ್ಟೆಯನ್ನು ಕೊಲ್ಲುವುದಿಲ್ಲ. ಮೊಟ್ಟೆ ಮಗುವಿನ ಉಗುರಿನಲ್ಲಿ, ಹೊದಿಕೆಯಲ್ಲಿ, ಪಕ್ಕದಲ್ಲಿ ಮಲಗುವ ಅಜ್ಜಿಯ ಸೀರೆಯಲ್ಲಿ ಉಳಿದಿರುತ್ತದೆ. ಮತ್ತೆ ಮತ್ತೆ ಬರುವ ಹುಳಕ್ಕೆ ಹೆಚ್ಚಿನ ಮನೆಗಳಲ್ಲಿ ಬೇಕಾಗುವುದು ಜೋರಿನ ಮದ್ದಲ್ಲ, ಸರಿಯಾದ ಲೆಕ್ಕ: ಯಾರು ಯಾರು ತೆಗೆದುಕೊಂಡರು, ಯಾವ ದಿನ, ಎರಡನೇ ಸಲ ಯಾವಾಗ.

ಇಲ್ಲಿ ಹೇಳುತ್ತಿರುವುದು ನೂಲಿನ ತುಂಡಿನಂಥ ಸಣ್ಣ ಬಿಳಿ ಹುಳದ ಬಗ್ಗೆ. ಡಾಕ್ಟರು ಇದನ್ನು ಪಿನ್‌ವರ್ಮ್ ಅಥವಾ ಥ್ರೆಡ್‌ವರ್ಮ್ ಎನ್ನುತ್ತಾರೆ, ಮಲಯಾಳದಲ್ಲಿ ಕೃಮಿ. ಹೆಣ್ಣು ಹುಳ 8ರಿಂದ 13 ಮಿಲಿಮೀಟರ್ ಉದ್ದ, ಗಂಡು ಅದಕ್ಕಿಂತ ಬಹಳ ಸಣ್ಣದು. ದೊಡ್ಡ ಕರುಳಿನಲ್ಲಿರುವ ಹೆಣ್ಣು ಹುಳ ಮಗು ಮಲಗಿದ ಮೇಲೆ ಹೊರಗೆ ಬಂದು ಮಲದ್ವಾರದ ಸುತ್ತ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ತುರಿಕೆ ಆಗ. ನಾಲ್ಕಾರು ಗಂಟೆಯಲ್ಲಿ ಆ ಮೊಟ್ಟೆ ಇನ್ನೊಬ್ಬರ ಹೊಟ್ಟೆಗೆ ಹೋಗಲು ತಯಾರು. ನುಂಗಿದ ಮೊಟ್ಟೆ ಬೆಳೆದು ತಾನೇ ಮೊಟ್ಟೆ ಇಡುವ ಹುಳವಾಗಲು ಹೆಚ್ಚುಕಡಿಮೆ ಒಂದು ತಿಂಗಳು. ಈ ಒಂದು ತಿಂಗಳನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ರಾತ್ರಿ ತುರಿಕೆ, ಹಗಲು ಏನೂ ಇಲ್ಲ

ಖರ್ಚಿಲ್ಲದ ಪರೀಕ್ಷೆ ಟಾರ್ಚಿನದ್ದು. ಮಗು ಮಲಗಿ ಎರಡು ಮೂರು ಗಂಟೆ ಕಳೆಯಲಿ. ಎಬ್ಬಿಸದೆ ಮಗ್ಗುಲಾಗಿಸಿ, ಚಡ್ಡಿ ಸರಿಸಿ, ಕುಂಡೆಯನ್ನು ಮೆಲ್ಲಗೆ ಬಿಡಿಸಿ ಬೆಳಕು ಹಾಯಿಸಿ. ಹೊಲಿಗೆಯ ಬಿಳಿ ನೂಲನ್ನು ಒಂದು ಸೆಂಟಿಮೀಟರಿಗೆ ಕತ್ತರಿಸಿ ಹಾಕಿದ ಹಾಗೆ ಕಾಣುತ್ತದೆ. ಒಂದು ತುದಿ ಗುಂಡುಸೂಜಿಯ ಮೊನೆಯಷ್ಟು ಚೂಪು. ಅರೆ ನಿಮಿಷ ನೋಡುತ್ತ ಇದ್ದರೆ ಮೆಲ್ಲಗೆ ಬಳುಕುತ್ತದೆ. ಬಟ್ಟೆಯ ನೂಲಾದರೆ ಅಲುಗಾಡುವುದಿಲ್ಲ, ವ್ಯತ್ಯಾಸ ಅಷ್ಟೇ. ಕಂಡರೆ ಅಲ್ಲಿಗೆ ಪರೀಕ್ಷೆ ಮುಗಿಯಿತು, ಲ್ಯಾಬಿಗೆ ದುಡ್ಡು ಹಾಕಬೇಡಿ. ಒಂದು ರಾತ್ರಿ ಕಾಣದಿದ್ದರೆ ಇಲ್ಲ ಎಂದು ತೀರ್ಮಾನಿಸಬೇಡಿ, ಹುಳ ಎಲ್ಲ ರಾತ್ರಿ ಹೊರಗೆ ಬರುವುದಿಲ್ಲ. ಮೂರು ರಾತ್ರಿ ನೋಡಿ.

ರಾತ್ರಿ ಹಲ್ಲು ಕಡಿದರೆ ಹೊಟ್ಟೆಯಲ್ಲಿ ಹುಳ ಎನ್ನುವ ಮಾತಿದೆ. ಹಲ್ಲು ಕಡಿಯುವ ಮಕ್ಕಳಲ್ಲಿ ಹುಳವೇ ಇಲ್ಲದವರು ಬೇಕಾದಷ್ಟು. ಅದೊಂದನ್ನೇ ನೋಡಿ ಮದ್ದು ಕೊಡಬೇಡಿ.

ಮಲದಲ್ಲಿ ಬಿಳಿಯದೇನೋ ಕಂಡಿತು

ಹಲಸಿನ ಕಾಲದಲ್ಲಿ ಇದು ದಿನಾ ಏಳುವ ಅನುಮಾನ. ಹಲಸಿನ ಹಣ್ಣಿನ ನಾರು, ಬಾಳೆಹಣ್ಣಿನ ಒಳಗಿನ ಎಳೆ ಜೀರ್ಣವಾಗದೆ ಹಾಗೇ ಹೊರಗೆ ಬರುತ್ತವೆ. ಅವಕ್ಕೆ ಚಲನೆ ಇಲ್ಲ, ಎಳೆದರೆ ಸೀಳುತ್ತವೆ. ಉದ್ದ, ಬಣ್ಣ, ಆಕಾರ ನೋಡಿದರೆ ಉಳಿದ ಹುಳಗಳೂ ಬೇರೆಬೇರೆಯಾಗಿ ತಿಳಿಯುತ್ತವೆ.

ಎರೆಹುಳದಷ್ಟು ದಪ್ಪ, ಗೇಣುದ್ದ, ತಿಳಿ ಗುಲಾಬಿ ಅಥವಾ ಮಾಸಲು ಬಿಳಿ: ಅದು ದುಂಡುಹುಳ. ಮಣ್ಣಿನಿಂದ ಬಂದದ್ದು, ದಾರಿಯೇ ಬೇರೆ. ಚಪ್ಪಟೆಯಾಗಿ, ಬೆಂದ ಅನ್ನದ ಅಗುಳಿನ ಹಾಗೆ ಅಥವಾ ಲಾಡಿಯ ತುಂಡಿನ ಹಾಗೆ ಇದ್ದರೆ ಲಾಡಿಹುಳ. ಇದಕ್ಕೆ ಮನೆಯಲ್ಲಿ ಮದ್ದು ಮಾಡಬಾರದು, ತುಂಡನ್ನು ಸಣ್ಣ ಬಾಟಲಿಯಲ್ಲಿ ಹಾಕಿ ಡಾಕ್ಟರಿಗೆ ತೋರಿಸಿ. ಕೊಕ್ಕೆಹುಳ ಕಣ್ಣಿಗೆ ಬೀಳುವುದಿಲ್ಲ, ಮಗು ಬಿಳಿಚಿಕೊಂಡು ಸುಸ್ತಾಗುವುದೇ ಅದರ ಗುರುತು. ಒಂದು ಸೆಂಟಿಮೀಟರಿನ ಚಲಿಸುವ ಬಿಳಿ ನೂಲು ಮಾತ್ರ ನಮ್ಮ ಹುಳ.

ತುರಿಕೆ ಇದೆ, ಹುಳ ಕೈಗೆ ಸಿಗುವುದಿಲ್ಲ

ಟೇಪ್ ಪರೀಕ್ಷೆ ಮಾಡಿ. ಅಂಗಡಿಯಲ್ಲಿ ಸಿಗುವ ಪೂರ್ತಿ ಪಾರದರ್ಶಕ ಟೇಪೇ ಬೇಕು, ಹಾಲುಬಣ್ಣದ್ದಾದರೆ ಮೈಕ್ರೋಸ್ಕೋಪಿನಲ್ಲಿ ಏನೂ ಕಾಣದು. ಬೆಳಿಗ್ಗೆ ಮಗು ಏಳುತ್ತಲೇ, ಪಾಯಿಖಾನೆಗೆ ಹೋಗುವ ಮೊದಲು, ನೀರು ಮುಟ್ಟಿಸುವ ಮೊದಲು ಮಾಡಬೇಕು. ನಾಲ್ಕು ಬೆರಳಿನಷ್ಟು ಟೇಪನ್ನು ಅಂಟು ಹೊರಗೆ ಬರುವಂತೆ ಚಮಚದ ಹಿಡಿಗೆ ಸುತ್ತಿ ಹಿಡಿದು, ಮಲದ್ವಾರದ ಸುತ್ತಲಿನ ಮಡಿಕೆಗಳಿಗೆ ಮೂರು ನಾಲ್ಕು ಕಡೆ ಒತ್ತಿ ತೆಗೆಯಿರಿ. ಲ್ಯಾಬಿನವರಿಂದ ಮೊದಲೇ ತಂದಿಟ್ಟ ಗಾಜಿನ ಸ್ಲೈಡಿಗೆ ಅಂಟಿಸಿ, ಹೆಸರು, ತಾರೀಕು ಬರೆಯಿರಿ. ಚಮಚವನ್ನು ಕುದಿಯುವ ನೀರಿಗೆ ಹಾಕಿ, ಕೈಯನ್ನು ಸಾಬೂನಿನಲ್ಲಿ ಉಗುರಿನ ಸಂದು ಸಮೇತ ತೊಳೆಯಿರಿ. ಒಂದೇ ದಿನ ಮಾಡಿದರೆ ಅರ್ಧಕ್ಕರ್ಧ ತಪ್ಪಿಹೋಗುತ್ತದೆ. ಸಾಲಾಗಿ ಮೂರು ಬೆಳಿಗ್ಗೆ ಮಾಡಿದರೆ ಹತ್ತರಲ್ಲಿ ಒಂಬತ್ತು ಪಾಲು ಸಿಕ್ಕಿಬೀಳುತ್ತದೆ. ಈ ಹುಳಕ್ಕೆ ಮಲ ಪರೀಕ್ಷೆ ಹೆಚ್ಚು ಪ್ರಯೋಜನವಿಲ್ಲ, ಯಾಕೆಂದರೆ ಮೊಟ್ಟೆ ಇರುವುದು ಮಲದಲ್ಲಲ್ಲ, ಚರ್ಮದ ಮೇಲೆ. ಮಲ ಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ಬಂದ ಚೀಟಿಯನ್ನು ನಂಬಿ ಕೂತು ತಿಂಗಳುಗಟ್ಟಲೆ ಒದ್ದಾಡುವವರು ಇದನ್ನು ತಿಳಿಯಬೇಕು.

ಮೂರು ಟೇಪಿನಲ್ಲೂ ಏನಿಲ್ಲವಾದರೆ ತುರಿಕೆಗೆ ಬೇರೆ ಕಾರಣ ಹುಡುಕಿ. ಬೆರಳ ಸಂದು, ಮಣಿಕಟ್ಟು, ಹೊಕ್ಕುಳ ಸುತ್ತಲೂ ರಾತ್ರಿ ತುರಿಕೆ ಇದ್ದು, ಮನೆಯ ಬೇರೆಯವರಿಗೂ ಹಾಗೇ ಇದ್ದರೆ ಅದು ಕಜ್ಜಿ. ಮಲದ್ವಾರದ ಸುತ್ತ ಚರ್ಮ ಕೆಂಪಗೆ ಕಾದಂತಾಗಿ ಮುಟ್ಟಿದರೆ ನೋವಾದರೆ ಬ್ಯಾಕ್ಟೀರಿಯಾ ಸೋಂಕಿರಬಹುದು. ಮಲ ಗಟ್ಟಿಯಾಗಿ ಬಂದು ಉರಿ, ಒಂದೆರಡು ಹನಿ ರಕ್ತ ಇದ್ದರೆ ಬಿರುಕು. ಇವು ಮೂರಕ್ಕೂ ಹುಳದ ಮಾತ್ರೆ ಏನೂ ಮಾಡದು.

ಮಾತ್ರೆ ಕೊಟ್ಟಾಯಿತು, ಮತ್ತೆ ಬಂತು

ಇಲ್ಲಿ ದಿನ ಎಣಿಸಬೇಕು. ಎಷ್ಟನೇ ದಿನ ಬಂತು ಎನ್ನುವುದೇ ಕಾರಣ ಹೇಳುತ್ತದೆ.

ಮಾತ್ರೆ ಕೊಟ್ಟ ಎರಡು ಮೂರು ದಿನದಲ್ಲಿ ಮಲದಲ್ಲಿ ಹುಳ ಕಂಡರೆ ಹೆದರಬೇಡಿ. ಸತ್ತವು, ಸಾಯುತ್ತಿರುವವು ಹೊರಗೆ ಬೀಳುತ್ತಿವೆ. ಚರ್ಮ ಕೆರೆದು ಹುಣ್ಣಾಗಿದ್ದರೆ ತುರಿಕೆ ಒಂದು ವಾರ ಉಳಿಯಬಹುದು.

ವಾರ ಕಳೆದ ಮೇಲೂ ದಿನಾ ಜೀವಂತ ಹುಳ ಕಾಣುತ್ತಿದ್ದರೆ, ಮಾತ್ರೆ ಹೊಟ್ಟೆಗೆ ಹೋಗಿತ್ತೇ ಎಂದು ಕೇಳಿಕೊಳ್ಳಿ. ಬಾಯಲ್ಲಿಟ್ಟುಕೊಂಡು ಹೊರಗೆ ಹೋಗಿ ಉಗಿಯುವ ಮಕ್ಕಳಿದ್ದಾರೆ, ಕೊಟ್ಟ ಕೂಡಲೇ ವಾಂತಿ ಮಾಡಿದವರೂ ಇರುತ್ತಾರೆ. ಇನ್ನೊಂದು ಮಾತ್ರೆ ಕೊಡುವ ಮೊದಲು ಡಾಕ್ಟರನ್ನು ಕೇಳಿ.

ಎರಡು ಮೂರು ವಾರದಲ್ಲಿ ಬಂತೇ? ಮೊದಲ ಮಾತ್ರೆಯ ದಿನ ಹೊಟ್ಟೆಯಲ್ಲಿ ಮರಿಯಾಗಿ, ಮೊಟ್ಟೆಯಾಗಿ ಇದ್ದವು ಈಗ ಬೆಳೆದಿವೆ. ಎರಡನೇ ಮಾತ್ರೆ ಇರುವುದೇ ಇವಕ್ಕಾಗಿ. ನಮ್ಮ ಮನೆಗಳಲ್ಲಿ ತಪ್ಪುವುದು ಹೆಚ್ಚಾಗಿ ಇಲ್ಲೇ: ತುರಿಕೆ ನಿಂತಿತಲ್ಲ ಎಂದು ಎರಡನೆಯದನ್ನು ಬಿಡುವುದು.

ಎರಡೂ ಸಲ ಕೊಟ್ಟು, ಪೂರ್ತಿ ಚೆನ್ನಾಗಿದ್ದು, ನಾಲ್ಕರಿಂದ ಆರು ವಾರದ ಮೇಲೆ ಬಂದರೆ ಇದು ಹಳೆಯ ಹುಳವಲ್ಲ, ಹೊಸದಾಗಿ ನುಂಗಿದ್ದು. ಆ ಒಂದು ತಿಂಗಳ ಲೆಕ್ಕ ಇಲ್ಲಿ ಕೂಡುತ್ತದೆ. ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ಮರಳಿದರೆ ಮೂಲ ಮನೆಯೊಳಗಿದೆ. ಒಬ್ಬರಿಗೆ ಮಾತ್ರ ಮರಳಿದರೆ ಅವರ ಉಗುರು, ಬಾಯಿ, ಅಥವಾ ಶಾಲೆ, ಅಂಗನವಾಡಿ.

ಶಾಲೆಯಲ್ಲಿ ಮಾತ್ರೆ ಕೊಟ್ಟಿದ್ದಾರಲ್ಲ ಎನ್ನುವ ಸಮಾಧಾನ ಸಾಲದು. 2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳ ನಿವಾರಣಾ ದಿನದಂದು 1ರಿಂದ 19 ವರ್ಷದವರಿಗೆ ಕೊಡುವ ಆಲ್ಬೆಂಡಝೋಲ್ ಮುಖ್ಯವಾಗಿ ಮಣ್ಣಿನಿಂದ ಬರುವ ದುಂಡುಹುಳ, ಚಾಟಿಹುಳ, ಕೊಕ್ಕೆಹುಳಗಳ ಲೆಕ್ಕದಲ್ಲಿ. ಅವತ್ತು ಸಿಗುವುದು ಒಂದೇ ಸಲ, ಅದೂ ಮಕ್ಕಳಿಗೆ ಮಾತ್ರ. ಮಕ್ಕಳು ಅದನ್ನು ತಪ್ಪದೆ ತೆಗೆದುಕೊಳ್ಳಲಿ, ರಕ್ತಹೀನತೆ ತಡೆಯುವುದಕ್ಕೆ ಅದು ಬೇಕೇ ಬೇಕು. ಆದರೆ ಅಪ್ಪ, ಅಮ್ಮ, ಅಜ್ಜಿ ತೆಗೆದುಕೊಳ್ಳದ ಮನೆಯಲ್ಲಿ ನೂಲುಹುಳ ಅದರಿಂದ ಹೋಗುವುದಿಲ್ಲ.

ಇಡೀ ಮನೆಗೆ ಒಂದೇ ದಿನ

ತುರಿಕೆ ಇಲ್ಲದವರೂ ತೆಗೆದುಕೊಳ್ಳಬೇಕು. ದೊಡ್ಡವರಲ್ಲಿ ಹುಳ ಇದ್ದರೂ ಎಷ್ಟೋ ಸಲ ಏನೂ ಗೊತ್ತಾಗುವುದಿಲ್ಲ. ಒಂದು ಕಾಗದದಲ್ಲಿ ಮನೆಯವರ ಹೆಸರು ಬರೆಯಿರಿ, ಆಮೇಲೆ ಮರೆತವರನ್ನು ಸೇರಿಸಿ: ಶುಕ್ರವಾರ ಸಂಜೆ ಮಂಗಳೂರಿನ ಹಾಸ್ಟೆಲಿನಿಂದ ಬಂದು ತಮ್ಮನ ಪಕ್ಕದಲ್ಲಿ ಮಲಗುವ ಅಣ್ಣ, ಮಗುವನ್ನು ಹಗಲು ನೋಡಿಕೊಳ್ಳುವ ಚಿಕ್ಕಮ್ಮ, ಮನೆಗೆಲಸಕ್ಕೆ ಬಂದು ಅಲ್ಲೇ ಉಳಿಯುವವರು. ಮರಳಿ ಬರುವ ಹುಳದ ಗುಟ್ಟು ಈ ಪಟ್ಟಿಯ ಕೊನೆಯ ಎರಡು ಹೆಸರುಗಳಲ್ಲಿ ಇರುವುದೇ ಹೆಚ್ಚು.

ದಿನ ಶುಕ್ರವಾರ ರಾತ್ರಿ ಇಟ್ಟುಕೊಂಡರೆ ಅನುಕೂಲ, ಶನಿವಾರ ಬೆಳಿಗ್ಗೆ ಬಟ್ಟೆ ಒಗೆಯಲು ಜನ ಇರುತ್ತಾರೆ. ಗೋಡೆಯ ಕ್ಯಾಲೆಂಡರಿನಲ್ಲಿ ಅವತ್ತಿನ ತಾರೀಕಿಗೂ ಸರಿಯಾಗಿ 14 ದಿನ ಕಳೆದ ಶುಕ್ರವಾರಕ್ಕೂ ಕೆಂಪು ಸುತ್ತು ಹಾಕಿ. ಎರಡನೇ ಸಲದ ಮದ್ದನ್ನು ಮೊದಲ ದಿನವೇ ತಂದಿಡಿ.

ಆಲ್ಬೆಂಡಝೋಲ್ ಎರಡು ವರ್ಷ ದಾಟಿದವರಿಗೂ ದೊಡ್ಡವರಿಗೂ 400 ಮಿಲಿಗ್ರಾಂ ಒಂದೇ ಸಲ, ಒಂದರಿಂದ ಎರಡು ವರ್ಷದವರಿಗೆ 200 ಮಿಲಿಗ್ರಾಂ. ಮೆಬೆಂಡಝೋಲ್ ಆದರೆ 100 ಮಿಲಿಗ್ರಾಂ ಒಂದೇ ಸಲ, ಎರಡು ವರ್ಷ ದಾಟಿದವರಿಗೆ. ಪೈರಾಂಟೆಲ್ ತೂಕದ ಲೆಕ್ಕ: ಕಿಲೋಗೆ 11 ಮಿಲಿಗ್ರಾಂ, ಎಷ್ಟೇ ತೂಕವಿದ್ದರೂ 1 ಗ್ರಾಂ ಮೀರಬಾರದು. ಮೂರರಲ್ಲಿ ಯಾವುದಾದರೂ ಒಂದು, ಎರಡು ವಾರಕ್ಕೆ ಮತ್ತೆ ಅಷ್ಟೇ. ಸಿರಪ್ ಆದರೆ ಬಾಟಲಿಯಲ್ಲಿ 5 ಮಿಲಿಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು ಓದಿ, ಅಳತೆಯ ಮುಚ್ಚಳದಲ್ಲೇ ಕೊಡಿ, ಅಡುಗೆಮನೆಯ ಚಮಚದಲ್ಲಿ ಬೇಡ. ಮಾತ್ರೆಯನ್ನು ಅಗಿದು ನುಂಗಬೇಕು. ಮೂರು ವರ್ಷದೊಳಗಿನ ಮಕ್ಕಳಿಗೆ ಪುಡಿ ಮಾಡಿ ನೀರಿನಲ್ಲಿ ಕಲಸಿ ಕೊಡಿ. ಇಡೀ ಮಾತ್ರೆ ಗಂಟಲಲ್ಲಿ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ. ಅಳುವ ಮಗುವಿನ ಮೂಗು ಹಿಡಿದು ಹಾಕಬೇಡಿ. ಸ್ವಲ್ಪ ಹೊಟ್ಟೆನೋವು, ಓಕರಿಕೆ ಬರಬಹುದು, ತಾನಾಗಿ ಹೋಗುತ್ತದೆ.

ಕೇಳದೆ ಕೊಡಬಾರದವರು ಇವರು. ಒಂದು ವರ್ಷದೊಳಗಿನ ಶಿಶು. ಗರ್ಭಿಣಿ, ಅದರಲ್ಲೂ ಮೊದಲ ಮೂರು ತಿಂಗಳು, ಗರ್ಭಿಣಿಯೋ ಅಲ್ಲವೋ ಎಂಬ ಅನುಮಾನವಿದ್ದರೂ ಅಷ್ಟೇ. ಹಾಲುಣಿಸುವ ತಾಯಿ. ಲಿವರ್ ಕಾಯಿಲೆ ಇರುವವರು. ಫಿಟ್ಸ್ ಬಂದಿದ್ದವರು ಅಥವಾ ಅದಕ್ಕೆ ಮದ್ದು ತೆಗೆದುಕೊಳ್ಳುತ್ತಿರುವವರು: ಮೆದುಳಿನಲ್ಲಿ ಲಾಡಿಹುಳದ ಗಂಟು ಗೊತ್ತಿಲ್ಲದೆ ಇದ್ದರೆ ಆಲ್ಬೆಂಡಝೋಲ್‌ನಿಂದ ಫಿಟ್ಸ್ ಕೆರಳಬಹುದು. ಭೇದಿಗೆ ಮೆಟ್ರೊನಿಡಝೋಲ್ ನಡೆಯುತ್ತಿದ್ದರೆ ಅದರ ಜೊತೆಗೆ ಮೆಬೆಂಡಝೋಲ್ ಬೇಡ. ಐವರ್ಮೆಕ್ಟಿನ್ ಸೇರಿಸಿದ ಮಾತ್ರೆ ಮೆಡಿಕಲ್‌ನಲ್ಲಿ ಕೈಗೆ ಬಂದರೆ ವಾಪಸು ಕೊಟ್ಟು, ಒಂದೇ ಮದ್ದಿನದ್ದು ಕೇಳಿ. ಮದ್ದು ಕೊಡಲಾಗದವರಿಗೆ ಕೆಳಗೆ ಹೇಳುವ ಶುಚಿತ್ವವನ್ನು ಎರಡು ವಾರದ ಬದಲು ಆರು ವಾರ ಬಿಡದೆ ಮಾಡಿದರೆ ಹುಳ ತಾನಾಗಿ ತೀರುತ್ತದೆ. ಇರುವ ಹುಳ ಸಾಯುತ್ತವೆ, ಹೊಸದು ಒಳಗೆ ಹೋಗುವುದಿಲ್ಲ.

ಮದ್ದಿನ ಮಾರನೆಯ ಬೆಳಿಗ್ಗೆ

ಎದ್ದ ಕೂಡಲೇ ಸ್ನಾನ. ಸಂಜೆ ಆಡಿ ಬಂದ ಮೇಲೆ ಮೀಯುವ ಅಭ್ಯಾಸ ನಮ್ಮಲ್ಲಿ ಹೆಚ್ಚು. ಮೀಯಲಿ, ಅಡ್ಡಿಯಿಲ್ಲ, ಆದರೆ ಹುಳಕ್ಕೆ ಆಗುವುದು ಬೆಳಗಿನ ನೀರು. ರಾತ್ರಿ ಇಟ್ಟ ಮೊಟ್ಟೆ ಕೈಗೆ, ಬಾಯಿಗೆ ಹತ್ತುವ ಮೊದಲು ಹೋಗಬೇಕು. ಪೂರ್ತಿ ಸ್ನಾನ ಆಗದಿದ್ದರೆ ಕುಂಡೆಯನ್ನಾದರೂ ಸಾಬೂನಿನಲ್ಲಿ ತೊಳೆಯಿರಿ. ಟಬ್ಬಿನಲ್ಲಿ ಕೂರಿಸಬೇಡಿ, ಚೆಂಬಿನಲ್ಲಿ ಸುರಿಯಿರಿ. ಒಬ್ಬರ ಬೈರಾಸು ಇನ್ನೊಬ್ಬರಿಗೆ ಬೇಡ.

ಹೊದಿಕೆ, ಹಾಸಿಗೆ ಬಟ್ಟೆ, ದಿಂಬಿನ ಚೀಲ, ರಾತ್ರಿ ಉಟ್ಟದ್ದು ಎಲ್ಲವನ್ನೂ ಕೊಡವದೆ ಸುರುಳಿ ಸುತ್ತಿ ಬಚ್ಚಲಿಗೆ ಒಯ್ಯಿರಿ. ಕೊಡವಿದರೆ ಮೊಟ್ಟೆ ಗಾಳಿಗೆ ಏಳುತ್ತದೆ. ಹಂಡೆಯ ಕುದಿಯುವ ನೀರು ಎರಡು ಪಾಲು, ತಣ್ಣೀರು ಒಂದು ಪಾಲು ಸೇರಿಸಿದರೆ ಬಕೆಟಿನಲ್ಲಿ 60 ಡಿಗ್ರಿಗಿಂತ ಮೇಲೆ ಇರುತ್ತದೆ, ಅಷ್ಟು ಬಿಸಿ ಬೇಕು. ಬಟ್ಟೆಯನ್ನು ಕೋಲಿನಲ್ಲಿ ಒತ್ತಿ ಮುಳುಗಿಸಿ ಹದಿನೈದು ನಿಮಿಷ ಬಿಡಿ, ಕೈ ಹಾಕಬೇಡಿ, ಮಕ್ಕಳನ್ನು ಬಚ್ಚಲಿಗೆ ಬಿಡಬೇಡಿ. ಆಮೇಲೆ ಎಂದಿನಂತೆ ಒಗೆದು ಬಿಸಿಲಿಗೆ ಹಾಕಿ.

ಮಳೆಗಾಲವೇ ಕಷ್ಟ. ಒಣ ಬಿಸಿಲಿನಲ್ಲಿ ಮೊಟ್ಟೆ ಬೇಗ ಸಾಯುತ್ತದೆ, ತಂಪು ತೇವದಲ್ಲಿ ಎರಡು ಮೂರು ವಾರ ಉಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ನಮ್ಮ ಮನೆಗಳ ಒಳಗೆ ಇರುವುದು ಆ ತೇವವೇ. ಆಗ ಚಡ್ಡಿ, ರಾತ್ರಿ ಬಟ್ಟೆಗಳಿಗೆ ಬಿಸಿ ಇಸ್ತ್ರಿ ಹಾಕಿ. ಒಗೆಯಲಾಗದ ಬೊಂಬೆ, ರಜಾಯಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮೂರು ವಾರ ಅಟ್ಟಕ್ಕೆ ಹಾಕಿ.

ಹಿಡಿಸೂಡಿಯಲ್ಲಿ ಗುಡಿಸುವ ಮೊದಲು ಮಲಗುವ ಕೋಣೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಫಿನಾಯಿಲಿಗೂ ಕೈಗೆ ಹಚ್ಚುವ ಸ್ಯಾನಿಟೈಸರಿಗೂ ಈ ಮೊಟ್ಟೆ ಬಗ್ಗುವುದಿಲ್ಲ. ಸಾಬೂನು ನೀರು, ಉಜ್ಜುವುದು, ಬಿಸಿ, ಇಷ್ಟೇ ಕೆಲಸ ಮಾಡುವುದು. ಫಿನಾಯಿಲಿನ ದುಡ್ಡಿನಲ್ಲಿ ಒಳ್ಳೆಯ ಉಗುರು ಕತ್ತರಿ ತೆಗೆದುಕೊಳ್ಳಿ.

ದೊಡ್ಡ ಒಗೆತ ಎರಡೇ ಸಲ, ಎರಡು ಮದ್ದಿನ ಮಾರನೆಯ ದಿನ. ದಿನಾ ಇಡೀ ಮನೆ ತೊಳೆಯಲು ಹೋದರೆ ಐದನೇ ದಿನಕ್ಕೆ ಸುಸ್ತಾಗಿ ಮುಖ್ಯವಾದುದನ್ನೇ ಬಿಡುತ್ತೀರಿ. ಎರಡು ವಾರ ದಿನಾ ಬೇಕಾದದ್ದು ಬೆಳಗಿನ ತೊಳೆತ, ಒಗೆದ ಚಡ್ಡಿ, ರಾತ್ರಿ ಬಿಗಿಯಾದ ಚಡ್ಡಿ, ಗಿಡ್ಡ ಉಗುರು, ಮತ್ತು ಪಾಯಿಖಾನೆಯ ನಲ್ಲಿ.

ನಲ್ಲಿಯ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಎಡಗೈಯಲ್ಲಿ ತೊಳೆದುಕೊಂಡ ಮಗು ಅದೇ ಕೈಯಲ್ಲಿ ನಲ್ಲಿ ತಿರುಗಿಸುತ್ತದೆ, ಮಗ್ಗಿನ ಹಿಡಿ ಮುಟ್ಟುತ್ತದೆ, ಚಿಲಕ ತೆಗೆಯುತ್ತದೆ, ಆಮೇಲೆ ಹೊರಗಿನ ತೊಟ್ಟಿಯ ಹತ್ತಿರ ಸಾಬೂನು ಹುಡುಕುತ್ತದೆ. ಅದರ ಹಿಂದೆ ಹೋದವರ ಕೈಗೆ ಮೊಟ್ಟೆ ಹತ್ತುವುದು ಆ ನಲ್ಲಿ, ಹಿಡಿ, ಚಿಲಕಗಳಿಂದ. ಸಾಬೂನು ಪಾಯಿಖಾನೆಯ ಒಳಗೇ ಇರಲಿ. ಈ ಮೂರನ್ನು ದಿನಾ ಒಮ್ಮೆ ಬಿಸಿ ಸಾಬೂನು ನೀರಿನಲ್ಲಿ ಒರೆಸಿ. ಮಗುವಿಗೆ ತೊಳೆಸಿದ ಅಮ್ಮನ ಕೈಯೂ ಅಕ್ಕಿ ತೊಳೆಯುವ ಮೊದಲು ಉಗುರಿನ ಸಂದಿನವರೆಗೆ ಸಾಬೂನು ಕಾಣಬೇಕು. ಹಳೆಯ ಹಲ್ಲುಜ್ಜುವ ಬ್ರಷ್ಷು ಅದಕ್ಕೆ ಚೆನ್ನಾಗಿ ಆಗುತ್ತದೆ.

ಎಲ್ಲ ಮಾಡಿದರೂ ಒಬ್ಬ ಮಗುವಿಗೆ ಮಾತ್ರ ಮರಳುತ್ತದೆ

ಬೆರಳು ಚೀಪುವುದು, ಉಗುರು ಕಚ್ಚುವುದು ಇದೆಯೇ ನೋಡಿ. ತುರಿಸಿದ ಬೆರಳು ಬಾಯಿಗೆ ಹೋದರೆ ಹುಳದ ಸುತ್ತು ಆ ಮಗುವಿನಲ್ಲೇ ಪೂರ್ಣವಾಗುತ್ತದೆ. ರಾತ್ರಿ ಕೈಗೆ ತೆಳು ಕಾಲುಚೀಲ ಹಾಕಿ ಮಲಗಿಸುವುದು ಸಣ್ಣ ಮಕ್ಕಳಲ್ಲಿ ಉಪಯೋಗಕ್ಕೆ ಬರುತ್ತದೆ. ಅಂಗನವಾಡಿಯ ಟೀಚರಿಗೆ ಮುಚ್ಚುಮರೆಯಿಲ್ಲದೆ ಹೇಳಿ. ಇದು ಕೊಳಕು ಮನೆಯ ರೋಗವಲ್ಲ, ಮಕ್ಕಳು ಒಟ್ಟಿಗೆ ಇರುವ ಎಲ್ಲ ಕಡೆ ಬರುತ್ತದೆ. ನಾಯಿ, ಬೆಕ್ಕನ್ನು ದೂರಬೇಡಿ, ಈ ಹುಳ ಅವುಗಳಿಂದ ಬರುವುದಿಲ್ಲ.

ಹೆಣ್ಣುಮಕ್ಕಳಲ್ಲಿ ಹುಳ ಮುಂದಕ್ಕೆ ಹರಿದು ಮೂತ್ರದ ಜಾಗದಲ್ಲಿ ತುರಿಕೆ, ಬಿಳಿ ಹೋಗುವುದು, ಉರಿಮೂತ್ರ ತರಬಹುದು. ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಹಾಸಿಗೆ ಒದ್ದೆ ಮಾಡಬಹುದು. ತೊಳೆಯುವಾಗ ಮುಂದಿನಿಂದ ಹಿಂದಕ್ಕೆ ತೊಳೆಯಲು ಕಲಿಸಿ, ಡಾಕ್ಟರಿಗೆ ತೋರಿಸಿ. ಮಗುವನ್ನು ಬೈಯಬೇಡಿ.

ಮಾಡಲೇಬಾರದ್ದು

ಮಲದ್ವಾರಕ್ಕೆ ಸೀಮೆಎಣ್ಣೆ, ಸುಣ್ಣ, ಬೆಳ್ಳುಳ್ಳಿ ಬೇಡ, ಚರ್ಮ ಸುಟ್ಟು ಹುಣ್ಣಾಗುತ್ತದೆ. ಸೀಮೆಎಣ್ಣೆ ಬಾಯಿಗೆ ಹೋದರೆ ವಾಂತಿ ಮಾಡಿಸದೆ ನೇರ ಆಸ್ಪತ್ರೆಗೆ ಹೋಗಿ, ಅದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಬೇವು, ಹಾಗಲದ ಕಹಿ ರಸವನ್ನು ಸಣ್ಣ ಮಕ್ಕಳಿಗೆ ಲೋಟಗಟ್ಟಲೆ ಕುಡಿಸಬೇಡಿ. ಶಿಶುಗಳಿಗೆ ಬೇವಿನ ಎಣ್ಣೆ ವಿಷವಾಗುತ್ತದೆ. ತುರಿಕೆ ನಿಲ್ಲಲಿಲ್ಲ ಎಂದು ವಾರಕ್ಕೊಂದರಂತೆ ಮಾತ್ರೆ ನುಂಗಿಸಬೇಡಿ.

ಇಲ್ಲಿಗೆ ನಿಲ್ಲಿಸಿ, ಡಾಕ್ಟರ ಹತ್ತಿರ ಹೋಗಿ

ಬಲಗಡೆ ಕೆಳಹೊಟ್ಟೆಯಲ್ಲಿ ಜೋರು ನೋವು, ಜ್ವರ, ಬಿಡದ ವಾಂತಿ ಇದ್ದರೆ ಅವತ್ತೇ. ಮಾತ್ರೆಯ ನಂತರ ಮೈಮೇಲೆ ದದ್ದು, ಮುಖ ಊತ, ಉಸಿರಾಟಕ್ಕೆ ಕಷ್ಟ, ಫಿಟ್ಸ್ ಆದರೆ ತಕ್ಷಣ. ಮಲದಲ್ಲಿ ರಕ್ತ, ತೂಕ ಇಳಿಯುವುದು, ಬಿಳಿಚುವುದು, ಕೆರೆದ ಜಾಗ ಕೀವಾಗುವುದು ಇದ್ದರೆ ಆ ವಾರದಲ್ಲೇ. ಇಡೀ ಮನೆ 14 ದಿನದ ಅಂತರದಲ್ಲಿ ಎರಡು ಸಲ ಸರಿಯಾಗಿ ತೆಗೆದುಕೊಂಡೂ ಮರಳಿದರೆ, ಎರಡು ವಾರಕ್ಕೊಮ್ಮೆಯಂತೆ ಇನ್ನಷ್ಟು ಸುತ್ತು ಕೊಡಬೇಕೇ, ಮದ್ದು ಬದಲಿಸಬೇಕೇ ಎನ್ನುವುದು ಡಾಕ್ಟರ ತೀರ್ಮಾನ. ಹತ್ತಿರದ ಕುಟುಂಬಾರೋಗ್ಯ ಕೇಂದ್ರದಲ್ಲೇ ಇದು ಆಗುತ್ತದೆ, ದೊಡ್ಡ ಆಸ್ಪತ್ರೆ ಬೇಡ. ಫೋನಿನಲ್ಲಿ ಕೇಳುವುದಾದರೆ ಕೇರಳದ ದಿಶಾ ಸಹಾಯವಾಣಿ 1056. ಮಲಯಾಳದಲ್ಲಿ ಹೇಳಬೇಕಾದಲ್ಲಿ ‘ಕೃಮಿ’ ಎಂದೇ ಹೇಳಿ. ಬರಿದೆ ‘ವಿರ’ ಎಂದರೆ ಯಾವ ಹುಳವೂ ಆಗಬಹುದು. ಹೋಗುವಾಗ ಕೆಂಪು ಸುತ್ತು ಹಾಕಿದ ಕ್ಯಾಲೆಂಡರಿನ ಫೋಟೊ, ಹೆಸರಿನ ಪಟ್ಟಿ, ಮಾತ್ರೆಯ ಖಾಲಿ ಸ್ಟ್ರಿಪ್, ಮೂರು ಬೆಳಗಿನ ಟೇಪು ಅಂಟಿಸಿದ ಸ್ಲೈಡುಗಳನ್ನು ಒಯ್ಯಿರಿ.